ಮೊದಲ ಟ್ರಯಾಥ್ಲಾನ್: ನೀರಿಗಿಳಿಯುವ ಮುನ್ನ

ಈಚೆಗೆ ರಕ್ತದೊತ್ತಡ ತೋರಿಸಿಕೊಳ್ಳಲು ಬಂದಿದ್ದ ಮಹಿಳೆಯೊಬ್ಬರು ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದರು: "ಡಾಕ್ಟ್ರೇ, ನಮ್ಮ ಯಜಮಾನ್ರಿಗೆ ನಲವತ್ತಾರು. ಗೋವಾದಲ್ಲಿ ಸಮುದ್ರದಲ್ಲಿ ಈಜಿ, ಸೈಕಲ್ ಹೊಡೆದು, ಆಮೇಲೆ ಓಡೋ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾರೆ. ಹದಿನೈದು ವರ್ಷದಿಂದ ಆಫೀಸಿನ ಕುರ್ಚಿ ಬಿಟ್ಟು ಎದ್ದವರಲ್ಲ. ತಡೀಲೋ, ಬಿಡ್ಲೋ?"

ಈ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಕೇಳಿಬರುತ್ತಿದೆ. ಗೆಳೆಯನೊಬ್ಬ ಕೊರಳಿಗೆ ಪದಕ ಹಾಕಿಕೊಂಡ ಚಿತ್ರ ಕಳಿಸುತ್ತಾನೆ. ಅದನ್ನು ನೋಡಿದವರಿಗೆ ತಮಗೂ ಆಗಬಹುದೆಂಬ ಆಸೆ ಹುಟ್ಟುತ್ತದೆ. ಆಸೆ ತಪ್ಪಲ್ಲ. ನಲವತ್ತು ದಾಟಿದ ಮೇಲೆ ದೇಹವನ್ನು ಮತ್ತೆ ದುಡಿಸಬೇಕೆಂದು ಹೊರಟವರನ್ನು ವೈದ್ಯನಾದವನು ನಿರುತ್ಸಾಹಗೊಳಿಸಬಾರದು. ನಾನು ಆಕೆಗೆ ಹೇಳಿದ್ದು ಇಷ್ಟೇ: "ತಡೆಯಬೇಡಿ, ಆದರೆ ಗೋವಾ ಈ ವರ್ಷ ಬೇಡ. ಮೊದಲು ಚಿಕ್ಕದೊಂದನ್ನು ಮುಗಿಸಲಿ. ಅದಕ್ಕೂ ಮೊದಲು ಒಮ್ಮೆ ನನ್ನ ಬಳಿ ಬಂದು ಹೋಗಲಿ." ಏಕೆ ಹೀಗೆ ಹೇಳಿದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಏನಿದು ಈ ಸ್ಪರ್ಧೆ?

ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ನಡುವೆ ವಿರಾಮವಿಲ್ಲದೆ ಒಂದಾದ ಮೇಲೊಂದರಂತೆ ಮುಗಿಸುವುದೇ ಟ್ರಯಾಥ್ಲಾನ್. ಈಗ ನಾವು ಕಾಣುವ ರೂಪದಲ್ಲಿ ಇದು ಶುರುವಾದದ್ದು 1974ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ. ನಾಲ್ಕು ವರ್ಷಗಳ ನಂತರ, 1978ರಲ್ಲಿ, ಹವಾಯಿಯಲ್ಲಿ 15 ಮಂದಿ 'ಐರನ್‌ಮ್ಯಾನ್' ಎಂಬ ಅತಿ ದೀರ್ಘ ಸ್ಪರ್ಧೆಗೆ ಇಳಿದರು. ಮುಗಿಸಿದವರು 12 ಮಂದಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಾಥ್ಲಾನ್‌ಗೆ ಪ್ರವೇಶ ಸಿಕ್ಕಿತು.

ಹೆಸರು ಒಂದೇ ಆದರೂ ದೂರಗಳು ಬೇರೆ ಬೇರೆ. ಎಲ್ಲ ಎಡವಟ್ಟೂ ಶುರುವಾಗುವುದು ಇಲ್ಲಿಂದಲೇ. ಐರನ್‌ಮ್ಯಾನ್‌ನಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಗೋವಾದಲ್ಲಿ 2019ರಲ್ಲಿ ಮೊದಲ ಬಾರಿಗೆ ನಡೆದದ್ದು ಇದರ ಅರ್ಧ: 1.9 ಕಿ.ಮೀ. ಸಮುದ್ರ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಅರ್ಧವೆಂದರೂ ಸಾಮಾನ್ಯರಿಗೆ ಏಳೆಂಟು ಗಂಟೆಯ ದುಡಿಮೆ. ಒಲಿಂಪಿಕ್ ದೂರದಲ್ಲಿ 1.5 ಕಿ.ಮೀ., 40 ಕಿ.ಮೀ., 10 ಕಿ.ಮೀ. ಇನ್ನು 'ಸ್ಪ್ರಿಂಟ್' ಎಂಬುದಿದೆ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಹೆಸರು ಕೇಳಿ ವೇಗದ ಓಟವೆಂದು ಹೆದರಬೇಡಿ. ಇದೇ ಹೊಸಬರ ಸ್ಪರ್ಧೆ, ಒಂದೂವರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ. ದೊಡ್ಡ ನಗರಗಳಲ್ಲಿ ಈಜುಕೊಳದಲ್ಲೇ ಈಜಿಸುವ ಇಂಥ ಚಿಕ್ಕ ಸ್ಪರ್ಧೆಗಳೂ ನಡೆಯುತ್ತವೆ. ನಿಮ್ಮ ಮೊದಲ ಟ್ರಯಾಥ್ಲಾನ್ ಅದೇ ಆಗಿರಲಿ.

ನೀರಿನಲ್ಲೇ ಹೆಚ್ಚು ಅಪಾಯ

ಹೊಸಬರು ಸಾಮಾನ್ಯವಾಗಿ ಹೆದರುವುದು ಕೊನೆಯ ಓಟಕ್ಕೆ. ಆದರೆ ವೈದ್ಯರು ಹೆದರುವುದು ಮೊದಲ ಈಜಿಗೆ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಾಥ್ಲಾನ್‌ಗಳಲ್ಲಿ ಸಂಭವಿಸಿದ ಸಾವು ಮತ್ತು ಹೃದಯ ಸ್ತಂಭನದ 135 ಪ್ರಕರಣಗಳನ್ನು ವೈದ್ಯರು ಕಲೆಹಾಕಿ ನೋಡಿದರು. ಅವುಗಳಲ್ಲಿ 90 ನಡೆದದ್ದು ನೀರಿನಲ್ಲಿ. ಓಟದಲ್ಲಿ ಕೇವಲ 15. ಬಲಿಯಾದವರಲ್ಲಿ ನೂರಕ್ಕೆ 85 ಮಂದಿ ಗಂಡಸರು, ಸರಾಸರಿ ವಯಸ್ಸು 47ರ ಆಸುಪಾಸು. ಶವಪರೀಕ್ಷೆ ನಡೆದ 61 ಮಂದಿಯ ಪೈಕಿ 27 ಮಂದಿಗೆ ಹೃದಯ ಅಥವಾ ರಕ್ತನಾಳದ ದೋಷ ಮೊದಲೇ ಇತ್ತು. ಒಟ್ಟು ಲೆಕ್ಕದಲ್ಲಿ ಇದು ಒಂದು ಲಕ್ಷ ಸ್ಪರ್ಧಿಗಳಿಗೆ ಇಬ್ಬರಿಗಿಂತ ಕಡಿಮೆ ಎಂಬುದನ್ನೂ ಹೇಳಬೇಕು. ಅಂದರೆ ಹೆದರಿ ಮನೆಯಲ್ಲಿ ಕೂರುವ ವಿಷಯವಲ್ಲ, ಆದರೆ ಅಪಾಯ ಯಾವ ಕಡೆಯಿಂದ ಬರುತ್ತದೆ ಎಂಬುದು ತಿಳಿದಿರಬೇಕು.

ನೀರಿಗಿಳಿದಾಗ ದೇಹದಲ್ಲಿ ಏನಾಗುತ್ತದೆ? ಸುತ್ತಲಿನ ನೀರಿನ ಒತ್ತಡದಿಂದ ಕೈಕಾಲುಗಳ ರಕ್ತ ಎದೆಯ ಕಡೆಗೆ ನುಗ್ಗುತ್ತದೆ, ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ. ತಣ್ಣೀರು ಮುಖಕ್ಕೆ ತಾಗಿ ಉಸಿರು ಬಿಗಿಹಿಡಿದಾಗ ಹೃದಯಬಡಿತ ನಿಧಾನವಾಗಬೇಕೆಂದು ಒಂದು ನರ ಹೇಳುತ್ತದೆ. ಅದೇ ಹೊತ್ತಿಗೆ ಸ್ಪರ್ಧೆಯ ಉದ್ವೇಗ, ಚಳಿ, ನೂರಾರು ಜನರ ಕೈಕಾಲುಗಳ ಹೊಡೆತ ಸೇರಿ ಬಡಿತ ಏರಲಿ ಎಂದು ಇನ್ನೊಂದು ನರಮಂಡಲ ಒತ್ತಾಯಿಸುತ್ತದೆ. ಕಾರಿನಲ್ಲಿ ಬ್ರೇಕು ಮತ್ತು ಆಕ್ಸಿಲರೇಟರನ್ನು ಒಟ್ಟಿಗೆ ತುಳಿದಂತೆ! ಆರೋಗ್ಯವಂತ ಹೃದಯ ಇದನ್ನು ಸಹಿಸಿಕೊಳ್ಳುತ್ತದೆ. ಒಳಗೊಳಗೇ ದೋಷವಿರುವ ಹೃದಯ ಲಯ ತಪ್ಪಬಹುದು. ರಸ್ತೆಯ ಮೇಲೆ ತಲೆಸುತ್ತಿ ಬಿದ್ದವನನ್ನು ಪಕ್ಕದವರು ಎತ್ತುತ್ತಾರೆ, ನೀರಿನಲ್ಲಿ ಬಿದ್ದದ್ದು ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಇನ್ನೊಂದು ತೊಂದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು. ಇದು ಕುಡಿದ ನೀರಲ್ಲ, ರಕ್ತನಾಳಗಳಿಂದಲೇ ಒಸರುವ ದ್ರವ. ರಕ್ತದೊತ್ತಡ ಇರುವವರಲ್ಲಿ, ಈಜಿಗೆ ಮುನ್ನ ವಿಪರೀತ ನೀರು ಕುಡಿದವರಲ್ಲಿ ಇದರ ಸಂಭವ ಹೆಚ್ಚು. ಈಜುವಾಗ ಶ್ರಮಕ್ಕೆ ಮೀರಿ ಏದುಸಿರು ಬಂದರೆ, ಕೆಮ್ಮು ಹತ್ತಿದರೆ, ಎದೆಯಲ್ಲಿ ಗೊರಗೊರ ಸದ್ದಾದರೆ, ಕಫ ನೊರೆಯಾಗಿ ನಸುಗೆಂಪಾಗಿದ್ದರೆ 'ದಂಡೆ ಹತ್ತಿರವೇ ಇದೆ, ಮುಗಿಸಿಬಿಡೋಣ' ಎನ್ನಬೇಡಿ. ಕೈ ಎತ್ತಿ ದೋಣಿಯವರನ್ನು ಕರೆಯಿರಿ.

ಆದರೆ ಹೊಸಬರನ್ನು ಹೆಚ್ಚಾಗಿ ಕಾಡುವುದು ರೋಗವಲ್ಲ, ಗಾಬರಿ. ನಮ್ಮಲ್ಲಿ ಬಾವಿ ಕೆರೆಗಳಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು ಒಂದು ವಿಷಯದಲ್ಲಿ ಅದೃಷ್ಟವಂತರು. ತಳ ಕಾಣದ ನೀರು ಅವರಿಗೆ ಹೊಸದಲ್ಲ. ಕೊಳದಲ್ಲಿ ಕಲಿತವರಿಗೆ ನೆಲದ ಮೇಲೊಂದು ಕಪ್ಪು ಗೆರೆ, 25 ಮೀಟರಿಗೊಂದು ಗೋಡೆ ಇಲ್ಲದಿದ್ದರೆ ಕೈಕಾಲು ಆಡುವುದಿಲ್ಲ. ಆದ್ದರಿಂದ ದೂರಕ್ಕಿಂತ ಮೊದಲು ಮೂರು ವಿದ್ಯೆ ಕಲಿಯಿರಿ. ಮುಖ ನೀರಿನೊಳಗಿರುವಾಗ ಉಸಿರನ್ನು ಪೂರ್ತಿ ಹೊರಬಿಡುವುದು ಒಂದು. ಉಸಿರು ಸಾಲದೆ ಕಂಗೆಡುವ ಬಹುಪಾಲು ಜನರು ನಿಜವಾಗಿ ಉಸಿರು ಬಿಡದೆ ಕಂಗೆಡುತ್ತಾರೆ. ಯಾವಾಗ ಬೇಕಾದರೂ ಅಂಗಾತ ತಿರುಗಿ ಒಂದೆರಡು ನಿಮಿಷ ಸುಮ್ಮನೆ ತೇಲುವುದು ಎರಡನೆಯದು. ನನ್ನ ಅಭಿಪ್ರಾಯದಲ್ಲಿ ಇದು ಬಾರದವರು ಸ್ಪರ್ಧೆಗೆ ಹೆಸರು ಕೊಡಲೇಬಾರದು. ಎಂಟು ಹತ್ತು ಬೀಸಿಗೊಮ್ಮೆ ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ ದಿಕ್ಕು ನೋಡಿಕೊಳ್ಳುವುದು ಮೂರನೆಯದು. ಇಲ್ಲದಿದ್ದರೆ 750 ಮೀಟರ್ ಈಜಬೇಕಾದವರು ಅಂಕುಡೊಂಕಾಗಿ ಸಾವಿರ ಮೀಟರ್ ಈಜಿರುತ್ತಾರೆ.

ನಿಯಮಗಳು ಹೊಸಬರಿಗೆ ಉದಾರವಾಗಿವೆ. ಫ್ರೀಸ್ಟೈಲನ್ನೇ ಈಜಬೇಕೆಂದಿಲ್ಲ, ಕಪ್ಪೆ ಈಜು ಈಜಿದರೂ ಆಗುತ್ತದೆ. ದಣಿವಾದರೆ ರಕ್ಷಣಾ ದೋಣಿಯನ್ನೋ ತೇಲುವ ಗುರುತನ್ನೋ ಹಿಡಿದು ನಿಲ್ಲಬಹುದು. ಅದರ ಸಹಾಯದಿಂದ ಮುಂದೆ ಸಾಗಬಾರದು, ಅಷ್ಟೆ. ಪ್ರಾರಂಭದಲ್ಲಿ ಗುಂಪಿನ ಹಿಂದೆ, ಒಂದು ಪಕ್ಕಕ್ಕೆ ನಿಂತುಕೊಳ್ಳಿ. ಎಲ್ಲರೂ ಹೋದ ಮೇಲೆ ಅರ್ಧ ನಿಮಿಷ ತಡವಾಗಿ ಇಳಿದರೆ ಯಾರ ಹಿಮ್ಮಡಿಯೂ ನಿಮ್ಮ ಮೂಗಿಗೆ ತಾಗದು. ಸಮುದ್ರ ಅಥವಾ ಕೆರೆಯಲ್ಲಿ ಸ್ಪರ್ಧೆಯಿದ್ದರೆ ಅದಕ್ಕೂ ಮೊದಲು ನಾಲ್ಕೈದು ಬಾರಿಯಾದರೂ ತೆರೆದ ನೀರಿನಲ್ಲಿ, ತಿಳಿದವರ ಜೊತೆ ಈಜಿರಬೇಕು. ಒಬ್ಬರೇ ಎಂದೂ ಇಳಿಯಬೇಡಿ, ಎಷ್ಟೇ ಚೆನ್ನಾಗಿ ಈಜು ಬಂದರೂ.

ವೈದ್ಯರನ್ನು ಏಕೆ ಕಾಣಬೇಕು?

ಭಾರತೀಯರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ತಲೆದೋರುತ್ತದೆ. ಆದ್ದರಿಂದ ನಲವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ತಂದೆಗೋ ಅಣ್ಣತಮ್ಮಂದಿರಿಗೋ 55 ತುಂಬುವ ಮೊದಲೇ ಹೃದಯಾಘಾತವಾಗಿರುವವರು, ತಾಯಿಗೋ ಅಕ್ಕತಂಗಿಯರಿಗೋ 65ಕ್ಕೆ ಮುನ್ನ ಆಗಿರುವವರು, ತರಬೇತಿಗೆ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇ.ಸಿ.ಜಿ., ಅಗತ್ಯವಿದ್ದರೆ ಎಕೋ ಮತ್ತು ಟ್ರೆಡ್‌ಮಿಲ್ ಪರೀಕ್ಷೆ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಕಾರಣ ತಿಳಿಯದೆ ದಿಢೀರನೆ ತೀರಿಕೊಂಡಿದ್ದರೆ ಆ ವಿಷಯವನ್ನು ವೈದ್ಯರಿಗೆ ಮುಚ್ಚಿಡಬೇಡಿ. ಇದು ಇಪ್ಪತ್ತೈದರ ಹುಡುಗರಿಗೂ ಅನ್ವಯಿಸುತ್ತದೆ.

ಟ್ರೆಡ್‌ಮಿಲ್ ಪರೀಕ್ಷೆ ಸರಿಯಾಗಿ ಬಂದ ಮಾತ್ರಕ್ಕೆ ಜೀವನಪೂರ್ತಿ ಗ್ಯಾರಂಟಿ ಸಿಕ್ಕಿತೆಂದು ಭಾವಿಸುವವರಿದ್ದಾರೆ. ಹಾಗಲ್ಲ. ಅಭ್ಯಾಸದ ನಡುವೆ ಎದೆ ಹಿಂಡಿದಂತಾದರೆ, ದವಡೆ ಅಥವಾ ಎಡಗೈ ಸೆಳೆತ ಬಂದರೆ, ಕಣ್ಣು ಕತ್ತಲೆ ಬಂದರೆ, ಕಳೆದ ವಾರ ಸುಲಭವಾಗಿದ್ದ ದೂರಕ್ಕೆ ಈ ವಾರ ಏದುಸಿರು ಹತ್ತಿದರೆ, ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. 'ಗ್ಯಾಸ್' ಎಂದು ಸೋಡಾ ಕುಡಿದು ಮಲಗುವುದು ನಮ್ಮವರ ದೊಡ್ಡ ದೌರ್ಬಲ್ಯ.

ಜ್ವರವಿದ್ದಾಗ ಅಭ್ಯಾಸವೂ ಬೇಡ, ಸ್ಪರ್ಧೆಯೂ ಬೇಡ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ, ಆಗ ಕಠಿಣ ಶ್ರಮ ಪ್ರಾಣಾಪಾಯಕಾರಿ. ಪ್ರವೇಶ ಶುಲ್ಕ ಹೋದರೆ ಹೋಗಲಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ನೀರಿನಲ್ಲಿ ಸಕ್ಕರೆ ಇಳಿದರೆ ಕಷ್ಟ. ಅಂದಿನ ಪ್ರಮಾಣವನ್ನು ವೈದ್ಯರೊಡನೆ ಮೊದಲೇ ನಿರ್ಧರಿಸಿಕೊಳ್ಳಬೇಕು. ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. 'ಎಷ್ಟು ಅಭ್ಯಾಸ ಮಾಡಿದರೂ ಸುಸ್ತು' ಎನ್ನುವ ಎಷ್ಟೋ ಮಂದಿಯಲ್ಲಿ ಕಾಣುವುದು ಬರೀ ರಕ್ತಹೀನತೆ. ತರಬೇತಿ ಶುರುವಾದ ಮೇಲೆ ಮುಟ್ಟು ನಿಂತರೆ, ಅದು ಗರ್ಭವಲ್ಲವಾದರೆ, ಊಟ ಸಾಲುತ್ತಿಲ್ಲವೆಂದು ತಿಳಿಯಿರಿ.

ನಾಲ್ಕು ತಿಂಗಳ ತಯಾರಿ

ಅಲ್ಪಸ್ವಲ್ಪ ಈಜು ಬಲ್ಲ, ದಿನವೂ ಅರ್ಧ ಗಂಟೆ ಚುರುಕಾಗಿ ನಡೆಯುವ ಅಭ್ಯಾಸವಿರುವವರಿಗೆ ಸ್ಪ್ರಿಂಟ್ ದೂರಕ್ಕೆ ಮೂರು ನಾಲ್ಕು ತಿಂಗಳು ಸಾಕು. ಈಜೇ ಬಾರದವರು ವರ್ಷ ಹಿಡಿಯುತ್ತದೆಂದು ಒಪ್ಪಿಕೊಳ್ಳಲಿ. ವಾರಕ್ಕೆ ಎರಡು ದಿನ ಈಜು, ಎರಡು ದಿನ ಸೈಕಲ್, ಎರಡು ದಿನ ಓಟ, ಒಂದು ದಿನ ಪೂರ್ತಿ ವಿಶ್ರಾಂತಿ. ವಾರದ ದಿನಗಳಲ್ಲಿ ಮುಕ್ಕಾಲು ಗಂಟೆ ಮೀರಬೇಕಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಅಳತೆ ನಿಮ್ಮ ಮಾತು. ಓಡುವಾಗಲೂ ಸೈಕಲ್ ತುಳಿಯುವಾಗಲೂ ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲು ಆಗುವಷ್ಟು ವೇಗ ಇರಲಿ. ಬಹುಪಾಲು ಅಭ್ಯಾಸ ಹೀಗೆಯೇ ನಡೆಯಬೇಕು. ಹೊಸಬರು ಮಾಡುವ ತಪ್ಪೆಂದರೆ ದಿನವೂ ಏದುಸಿರು ಬಿಡುವಂತೆ ಓಡಿ, ಮೂರನೇ ವಾರ ಮಂಡಿ ಹಿಡಿದುಕೊಂಡು ನಮ್ಮ ಬಳಿ ಬರುವುದು. ಹೃದಯ ಮತ್ತು ಶ್ವಾಸಕೋಶಗಳು ಬೇಗ ಪಳಗುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಓಟದ ದೂರವನ್ನು ವಾರಕ್ಕೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚಿಸದಿರುವುದು ಕ್ಷೇಮ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಶುರುಮಾಡಿದರೆ ಅದರಲ್ಲಿ ಅವಮಾನವೇನಿಲ್ಲ.

ಸೈಕಲ್ ಬಗ್ಗೆ ಒಂದು ಮಾತು. ಲಕ್ಷ ರೂಪಾಯಿಯ ಸೈಕಲ್ ಕೊಳ್ಳುವುದನ್ನು ಮುಂದಕ್ಕೆ ಹಾಕಿ. ಬ್ರೇಕು ಗಟ್ಟಿಯಾಗಿರುವ, ಗೇರು ಸರಿಯಾಗಿ ಬೀಳುವ ಯಾವುದೇ ಸೈಕಲ್ ಮೊದಲ ಸ್ಪರ್ಧೆಗೆ ಸಾಕು. ಸೀಟಿನ ಎತ್ತರ ಮಾತ್ರ ಸರಿಯಿರಬೇಕು. ಪೆಡಲ್ ಪೂರ್ತಿ ಕೆಳಗಿರುವಾಗ ಮಂಡಿ ಸ್ವಲ್ಪವಷ್ಟೇ ಬಾಗಿರಬೇಕು. ತಗ್ಗಾದ ಸೀಟು ಮಂಡಿಯ ಮುಂಭಾಗದ ನೋವಿಗೆ ಹಾದಿ. ಹೆಲ್ಮೆಟ್ ಇಲ್ಲದೆ ಗೇಟು ದಾಟಬೇಡಿ. ನಿಜ ಹೇಳಬೇಕೆಂದರೆ ಇಡೀ ತರಬೇತಿಯಲ್ಲಿ ನನಗೆ ಅತಿ ಚಿಂತೆ ತರುವುದು ನಸುಕಿನಲ್ಲಿ ನಂದಿಬೆಟ್ಟದ ಕಡೆಗೋ ಹೆದ್ದಾರಿಗೋ ಗುಂಪಾಗಿ ಸೈಕಲ್ ಹೊಡೆಯುವುದು. ಹಿಂದೆ ಕೆಂಪು ದೀಪ, ಮೈಮೇಲೆ ಹೊಳೆಯುವ ಬಟ್ಟೆ, ಕಿವಿಯಲ್ಲಿ ಹಾಡಿಲ್ಲ. ಇಷ್ಟನ್ನು ಮನೆಯವರು ಪಟ್ಟುಹಿಡಿದು ನೋಡಿಕೊಳ್ಳಬೇಕು.

ಸೈಕಲ್ ಇಳಿದು ಓಡತೊಡಗಿದರೆ ಮೊದಲ ಐದು ಹತ್ತು ನಿಮಿಷ ಕಾಲುಗಳು ಬೇರೆ ಯಾರದೋ ಎನಿಸುತ್ತವೆ. ತೊಡೆ ಮರಗಟ್ಟಿದಂತೆ, ಹೆಜ್ಜೆ ತಪ್ಪಿದಂತೆ. ಇದು ರೋಗವಲ್ಲ. ಒಂದು ಬಗೆಯ ಚಲನೆಗೆ ಒಗ್ಗಿದ ನರ-ಸ್ನಾಯುಗಳು ಇನ್ನೊಂದಕ್ಕೆ ಹೊರಳಲು ತೆಗೆದುಕೊಳ್ಳುವ ಸಮಯ. ಕೊನೆಯ ಎರಡು ತಿಂಗಳು ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ ಒಂದು ಒಂದೂವರೆ ಕಿ.ಮೀ. ಓಡಿ ಅಭ್ಯಾಸ ಮಾಡಿದರೆ ಸ್ಪರ್ಧೆಯ ದಿನ ಗಾಬರಿಯಾಗದು. ಸೈಕಲ್‌ನ ಕೊನೆಯ ಕಿಲೋಮೀಟರಿನಲ್ಲಿ ಹಗುರ ಗೇರಿಗೆ ಇಳಿಸಿಕೊಳ್ಳುವುದೂ ಸಹಾಯಕ.

ಊಟ, ನೀರು, ಉಪ್ಪು

1978ರ ಆ ಮೊದಲ ಐರನ್‌ಮ್ಯಾನ್‌ನಲ್ಲಿ ಮುಂದಿದ್ದ ಜಾನ್ ಡನ್‌ಬಾರ್ ಎಂಬಾತನಿಗೆ ಓಟದ ನಡುವೆ ನೀರು ಮುಗಿದುಹೋಯಿತು. ಜೊತೆಯವರು ಕೊಟ್ಟದ್ದು ಬಿಯರ್! ಆತ ಎರಡನೆಯವನಾದ. ಅಂಥ ಸ್ಥಿತಿ ನಿಮಗೆ ಬರುವುದಿಲ್ಲ, ದಾರಿಯುದ್ದಕ್ಕೂ ನೀರು ಇಟ್ಟಿರುತ್ತಾರೆ. ಈಗಿನ ತೊಂದರೆ ಕೆಲವೊಮ್ಮೆ ತದ್ವಿರುದ್ಧ. ಹೆದರಿಕೆಯಿಂದ ಲೋಟಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು, ಕೊನೆಗೆ ಫಿಟ್ಸ್ ಕೂಡ ಬರಬಹುದು. ಬಾಯಾರಿದಾಗ ಕುಡಿಯಿರಿ, ಅಷ್ಟು ಸಾಕು. ಒಂದು ಗಂಟೆ ಮೀರಿದ ಶ್ರಮಕ್ಕೆ ಉಪ್ಪು ಸಕ್ಕರೆ ಬೆರೆತ ನೀರು ಉತ್ತಮ. ದುಬಾರಿ ಪುಡಿಗಳೇ ಬೇಕೆಂದಿಲ್ಲ. ಒಂದು ಲೀಟರು ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ನಿಂಬೆರಸ ಹಿಂಡಿದರೆ ಆಯಿತು. ಚಮಚವೆಂದರೆ ಟೀ ಚಮಚ.

ಸ್ಪರ್ಧೆಯ ದಿನ ಎರಡು ಮೂರು ಗಂಟೆ ಮುಂಚೆ ಇಡ್ಲಿ, ಅವಲಕ್ಕಿ, ಬಾಳೆಹಣ್ಣು, ನಿಮಗೆ ಒಗ್ಗಿದ್ದು ಯಾವುದಾದರೂ ಆಗಬಹುದು. ಎಣ್ಣೆ ತಿಂಡಿ ಬೇಡ. ಅಂದು ಹೊಸ ತಿನಿಸು, ಹೊಸ ಬೂಟು, ಹೊಸ ಬಟ್ಟೆ ಒಂದೂ ಬೇಡ. ಮುನ್ನೆಚ್ಚರಿಕೆಗೆಂದು ನೋವಿನ ಮಾತ್ರೆ ನುಂಗಿ ಹೊರಡುವ ಅಭ್ಯಾಸ ಕೆಲವರಲ್ಲಿದೆ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಬ್ರೂಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಖಂಡಿತ ಬೇಡ.

ಸ್ಪರ್ಧೆಯ ದಿನ

ನೀರಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಜಾಗದಲ್ಲಿ ಹೊಸಬರು ಕಕ್ಕಾಬಿಕ್ಕಿಯಾಗುವುದು ಸಹಜ. ಹಿಂದಿನ ದಿನವೇ ಹೋಗಿ ನಿಮ್ಮ ಸೈಕಲ್ ಯಾವ ಸಾಲಿನಲ್ಲಿದೆ, ಯಾವ ಕಡೆಯಿಂದ ಒಳಬಂದು ಯಾವ ಕಡೆ ಹೊರಹೋಗಬೇಕು ಎಂದು ನಡೆದು ನೋಡಿ. ಒಂದು ಟವೆಲ್ ಹಾಸಿ ಬೇಕಾದ ಕ್ರಮದಲ್ಲೇ ಸಾಮಾನು ಜೋಡಿಸಿ. ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು. ಗೊತ್ತುಪಡಿಸಿದ ಗೆರೆ ದಾಟಿದ ಮೇಲೆಯೇ ಹತ್ತಬೇಕು. ಇದನ್ನು ಮರೆತು ದಂಡ ತೆತ್ತವರು ಬಹಳ. ಕಂಕುಳು, ಕುತ್ತಿಗೆ, ತೊಡೆಸಂದಿಗೆ ವ್ಯಾಸಲೀನ್ ಸವರಿಕೊಂಡರೆ ಸಂಜೆ ಸ್ನಾನ ಮಾಡುವಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ.

ಮೈಸೂರು ಬೆಂಗಳೂರಿನ ತಂಪು ಹವೆಯಲ್ಲಿ ಅಭ್ಯಾಸ ಮಾಡಿದವರಿಗೆ ಕರಾವಳಿಯ ಸೆಕೆ ಬೇರೆಯೇ. ದೇಹ ಸೆಕೆಗೆ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಅಷ್ಟು ಸಮಯವಿಲ್ಲದಿದ್ದರೆ ವೇಗ ತಗ್ಗಿಸಿ, ತಲೆಗೆ ನೀರು ಸುರಿದುಕೊಳ್ಳಿ. ಮನೆಯವರು ದಾರಿಬದಿ ನಿಂತಿದ್ದರೆ ಕೂಗಿ ಹುರಿದುಂಬಿಸುವುದರ ಜೊತೆಗೆ ಮುಖವನ್ನೂ ಗಮನಿಸಲಿ. ತೂರಾಡುತ್ತಿದ್ದರೆ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಬಂದರೆ, ಅದು ದಣಿವಲ್ಲ, ಶಾಖಾಘಾತ. ಕೂಡಲೇ ವೈದ್ಯಕೀಯ ಸಿಬ್ಬಂದಿಯನ್ನು ಕರೆದು, ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಐಸ್ ನೀರು ಸುರಿಯಬೇಕು. ತಂಪು ಮಾಡುವುದು ಮೊದಲು, ಆಸ್ಪತ್ರೆಗೆ ಸಾಗಿಸುವುದು ಆಮೇಲೆ.

ವಯಸ್ಸಾಯಿತೆಂದು ಹಿಂಜರಿಯುವವರು ಅಮೆರಿಕದ ಕ್ರೈಸ್ತ ಸನ್ಯಾಸಿನಿ ಮಡೋನಾ ಬ್ಯೂಡರ್ ಅವರ ಬಗ್ಗೆ ತಿಳಿಯಲಿ. ಆಕೆ ಮೊದಲ ಟ್ರಯಾಥ್ಲಾನ್ ಮಾಡಿದ್ದು 52ನೇ ವಯಸ್ಸಿನಲ್ಲಿ. 2012ರಲ್ಲಿ, 82ನೇ ವಯಸ್ಸಿನಲ್ಲಿ ಕೆನಡಾದಲ್ಲಿ ಪೂರ್ಣ ಐರನ್‌ಮ್ಯಾನ್ ಮುಗಿಸಿದರು. ನಡುವೆ ಮೂವತ್ತು ವರ್ಷಗಳ ಅಭ್ಯಾಸವಿತ್ತೆಂಬುದನ್ನು ಮಾತ್ರ ಗಮನಿಸಿ.

ಕೊನೆಯ ಗೆರೆ ದಾಟಿದೊಡನೆ ಫೋಟೋಗೆಂದು ನಿಂತುಬಿಡಬೇಡಿ. ಓಡುತ್ತಿದ್ದ ಕಾಲುಗಳು ಹಠಾತ್ತನೆ ನಿಂತರೆ ರಕ್ತ ಅಲ್ಲೇ ಉಳಿದು ತಲೆ ತಿರುಗುತ್ತದೆ. ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ತಲೆಸುತ್ತಿದರೆ ಮಲಗಿ ಕಾಲನ್ನು ಎತ್ತರದಲ್ಲಿ ಇರಿಸಿಕೊಳ್ಳಿ. ಆಮೇಲೆ ಮಜ್ಜಿಗೆ, ಮೊಸರನ್ನ, ಮೊಟ್ಟೆ, ಯಾವುದು ರುಚಿಸುತ್ತದೋ ಅದು. ಎರಡು ದಿನ ಮೆಟ್ಟಿಲಿಳಿಯುವಾಗ ತೊಡೆ ನೋಯುವುದು ಮಾಮೂಲು. ಆದರೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗಿದೆ ಎಂದರ್ಥ. ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.